ತೋಪಿನ ಕುದುರೆ, ತೋಟದ ಕುದುರೆ

ಪುದುಕೋಟ್ಟೈಯಿಂದ ತಿರುಮಯಂಗೆ ಹೋಗುವ ದಾರಿಯಲ್ಲಿ ನಮಣಸಮುದ್ರಂ ಎಂಬ ಊರಿದೆ. ಅಲ್ಲಿನ ಅಯ್ಯನಾರ್ ಗುಡಿಯ ಹಾದಿಯುದ್ದಕ್ಕೂ ಸುಟ್ಟ ಮಣ್ಣಿನ ಕುದುರೆಗಳು ಸಾಲುಗಟ್ಟಿ ನಿಂತಿವೆ. ಕೆಲವಕ್ಕೆ ಕಿವಿಯಿಲ್ಲ, ಕೆಲವಕ್ಕೆ ತಲೆಯೇ ಇಲ್ಲ. ಅಯ್ಯನಾರ್ ತಮಿಳು ಹಳ್ಳಿಗಳ ಗಡಿ ಕಾಯುವ ದೇವರು. ರಾತ್ರಿ ಅವನು ಊರು ಸುತ್ತುವುದು ಈ ಕುದುರೆಗಳ ಮೇಲೆಯೇ ಎಂದು ನಂಬಿಕೆ. ಹರಕೆ ಹೊತ್ತವರು ಅದಕ್ಕೆಂದೇ ಕುದುರೆ ಒಪ್ಪಿಸುತ್ತಾರೆ.

ಇವನ್ನು ಮಾಡುವವರು ವೇಳಾರ್ ಎಂಬ ಕುಂಬಾರರು. ಎಷ್ಟೋ ಊರುಗಳಲ್ಲಿ ಅಯ್ಯನಾರ್‌ಗೆ ಪೂಜೆ ಮಾಡುವವರೂ ಅವರೇ. ಊರಿನವರು ಒಂದು ಹಿಡಿ ಮಣ್ಣನ್ನು ಕುಂಬಾರನ ಕೈಗಿಟ್ಟರೆ ಕೆಲಸ ಒಪ್ಪಿಸಿದಂತೆ. ಆ ಶಾಸ್ತ್ರದ ಹೆಸರೇ ‘ಪಿಡಿಮಣ್’.

ಆಳೆತ್ತರದ ಕುದುರೆಯನ್ನು ತಿಗರಿಯ ಮೇಲೆ ತಿರುಗಿಸಿ ಎತ್ತಲಾಗುವುದಿಲ್ಲ. ಜೇಡಿಮಣ್ಣಿಗೆ ಮರಳು, ಭತ್ತದ ಹೊಟ್ಟು ಸೇರಿಸಿ ತುಳಿದು ಹದ ಮಾಡುತ್ತಾರೆ. ಮೊದಲು ನಾಲ್ಕು ಕಾಲು, ಒಳಗೆ ಟೊಳ್ಳಾದ ಕಂಬಗಳಂತೆ. ಅವು ಬಿಗಿದುಕೊಂಡ ಮೇಲೆ ಹೊಟ್ಟೆ. ಮಣ್ಣಿನ ಸುರುಳಿಯನ್ನು ಸುತ್ತು ಸುತ್ತಾಗಿ ಏರಿಸುತ್ತ, ಒಳಗೊಂದು ಕೈ ಆನಿಸಿ ಹೊರಗಿನಿಂದ ಹಲಗೆಯಲ್ಲಿ ತಟ್ಟುತ್ತ ಹೋಗಬೇಕು. ಕೆಳಗಿನ ಸುತ್ತು ಹಸಿಯಿದ್ದರೆ ಮೇಲಿನ ಭಾರಕ್ಕೆ ಕುಸಿಯುತ್ತದೆ. ಪೂರ್ತಿ ಒಣಗಿದರೆ ಹೊಸ ಮಣ್ಣು ಅಂಟುವುದಿಲ್ಲ. ನಡುವಿನ ಆ ಹದವನ್ನು ಹೇಳುವುದು ಬೆರಳು ಮಾತ್ರ. ನನ್ನ ಕಣ್ಣಿಗೆ ಈ ಕಸುಬಿನ ಇಡೀ ವಿದ್ಯೆ ಅಲ್ಲೇ ಇದೆ. ಕೊರಳ ಗೆಜ್ಜೆಸರ, ಎದೆಪಟ್ಟಿ ಎಲ್ಲ ಆಮೇಲಿನ ಸಿಂಗಾರ. ದೊಡ್ಡ ಕುದುರೆಯಾದರೆ ನಿಂತಲ್ಲೇ ಸುತ್ತ ಸೌದೆ, ಬೆರಣಿ, ಹುಲ್ಲು ಒಟ್ಟಿ, ಮೇಲೆ ಮಣ್ಣು ಮೆತ್ತಿ ಸುಡುತ್ತಾರೆ. ಒಳಗೆ ಹಬೆ ಸಿಕ್ಕಿಕೊಂಡರೆ ಒಡೆದೇಹೋದೀತೆಂದು ಮೊದಲೇ ತೂತು ಬಿಟ್ಟಿರುತ್ತಾರೆ.

‘ಪುರವಿ ಎಡುಪ್ಪು’ ಹಬ್ಬದ ದಿನ ಕುದುರೆಗೆ ಕಣ್ಣು ತೆರೆಸಿ, ಹೊತ್ತು ಮೆರವಣಿಗೆಯಲ್ಲಿ ಗುಡಿಯ ತೋಪಿಗೆ ತಂದು ನಿಲ್ಲಿಸುತ್ತಾರೆ. ಅಲ್ಲಿಗೆ ಮುಗಿಯಿತು. ಮಳೆಗೆ ನೆನೆದು ಮುರಿದರೂ ರಿಪೇರಿಯಿಲ್ಲ, ಮುಂದಿನ ಹರಕೆಗೆ ಹೊಸ ಕುದುರೆ ಬರುತ್ತದೆ. ಹಳೆಯದು ಪಕ್ಕದಲ್ಲೇ ಮಣ್ಣಾಗುತ್ತದೆ.

ಪಾಳುಬಿದ್ದಂತೆ ಕಾಣುವುದರಿಂದಲೇ ಹೊರಗಿನವರಿಗೆ ಇದು ಯಾರಿಗೂ ಬೇಡವಾದ ವಸ್ತು ಅನ್ನಿಸುತ್ತದೆ. ‘ಹಾಳಾಗುತ್ತಿದೆ, ನಾವಾದರೂ ಉಳಿಸೋಣ’ ಎಂಬ ಮಾತು ಕೇಳಲು ಸಭ್ಯವಾಗಿದೆ, ಆದರೆ ಹಾಳಾಗುವುದೂ ಹರಕೆಯ ಭಾಗವೇ. ರೆಸಾರ್ಟಿನ ಹುಲ್ಲುಹಾಸಿನ ಮೇಲೆ ಇಂಥ ಕುದುರೆ ಕಂಡಾಗಲೆಲ್ಲ ನನಗೆ ಮೊದಲು ಬರುವ ಪ್ರಶ್ನೆ: ಇದು ಕುಂಬಾರನ ಅಂಗಳದಿಂದ ಬಂದದ್ದೋ, ತೋಪಿನಿಂದ ಎತ್ತಿದ್ದೋ? ಅಂಗಳದ್ದಾದರೆ ನನ್ನ ತಕರಾರಿಲ್ಲ. ಮಾರಾಟವೂ ಅವನ ಅನ್ನವೇ. ಆದರೆ ಅದರ ಅಚ್ಚು ತೆಗೆದು ಫೈಬರ್‌ನಲ್ಲಿ ಎರಕ ಹೊಯ್ದು ಮಾರಿದರೆ ಕುಂಬಾರನ ಕೈಗೆ ಕಾಸೂ ಇಲ್ಲ, ಹೆಸರೂ ಇಲ್ಲ.

ನಿಮ್ಮ ತೋಟಕ್ಕೊಂದು ಕುದುರೆ ಬೇಕೇ? ಕುಂಬಾರನ ಮನೆಗೆ ಹೋಗಿ, ಮುಂಗಡ ಕೊಟ್ಟು ಹೊಸದನ್ನು ಮಾಡಿಸಿಕೊಳ್ಳಿ. ತೋಪಿನದನ್ನು ಮುಟ್ಟಬೇಡಿ.