ಅಂಗಳದ ಧಾರಣೆ, ಪರದೆಯ ಧಾರಣೆ

ಚಿತ್ರದುರ್ಗದಲ್ಲಿ ನಮ್ಮ ಮಾತುಕತೆ ಕಾರ್ಯಕ್ರಮದ ಚಿತ್ರೀಕರಣ ಮುಗಿದಿತ್ತು. ದೀಪಗಳನ್ನು ಆರಿಸಿ ತಂತಿ ಸುತ್ತುತ್ತಿದ್ದ ಹೊತ್ತಿಗೆ ಸಭಿಕರ ಸಾಲಿನಿಂದ ಒಬ್ಬ ವಿದ್ಯಾರ್ಥಿ ಎದ್ದು ಬಂದ. ಹೊಳಲ್ಕೆರೆ ಕಡೆಯ ಹುಡುಗ, ಪದವಿ ತರಗತಿಯಲ್ಲಿ ಓದುವವ. ಕೈಯಲ್ಲಿ ಮೊಬೈಲು, ಅದರ ತುಂಬ ಹಸಿರು ಕೆಂಪು ಗೀಟುಗಳು. "ಸರ್, ಇದು ಬಿಟ್‌ಕಾಯಿನ್ನಿನ ಹದಿನೈದು ವರ್ಷದ ಧಾರಣೆ. ಇಷ್ಟು ದಾಖಲೆ ಕಣ್ಣೆದುರಿಗೇ ಇರುವಾಗ, ಅದನ್ನು ನೋಡಿಕೊಂಡು ದುಡ್ಡು ಹಾಕಿದರೆ ತಪ್ಪೇನು? ಅಪ್ಪ ಈ ಸಲ ಅಡಿಕೆ ಮಾರಿದ ಹಣದಲ್ಲಿ ಸ್ವಲ್ಪ ಕೊಡುತ್ತೇನೆ ಅಂದಿದ್ದಾರೆ" ಎಂದ.

ಅವನ ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ನಿಂತ ನಿಲುವಿನಲ್ಲಿ ಉತ್ತರಿಸುವಂಥದ್ದಲ್ಲ. ಅವನಿಗೆ ಹೇಳಬೇಕಾದ ಮಾತನ್ನು ನಿಮ್ಮೆಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಬಿಟ್‌ಕಾಯಿನ್ ಒಳ್ಳೆಯದೋ ಕೆಟ್ಟದ್ದೋ ಎಂಬುದು ಈ ಲೇಖನದ ವಿಷಯವಲ್ಲ. ಧಾರಣೆಯ ದಾಖಲೆ ಎಂದರೇನು, ಅದನ್ನು ಓದುವುದು ಹೇಗೆ ಎಂಬುದಷ್ಟೇ ವಿಷಯ.

ಮೊದಲು ಮಾರುಕಟ್ಟೆ ಅಂಗಳಕ್ಕೆ

ದೂರದ ವಸ್ತುವನ್ನು ಅರಿಯಲು ಹತ್ತಿರದ ವಸ್ತುವಿನಿಂದ ಹೊರಡುವುದು ಒಳ್ಳೆಯದು. ಚಿತ್ರದುರ್ಗದ ಕೃಷಿ ಉತ್ಪನ್ನ ಮಾರುಕಟ್ಟೆಯ ಅಡಿಕೆ ಧಾರಣೆಯನ್ನು ನೀವು ಪತ್ರಿಕೆಯಲ್ಲಿ ನೋಡಿರುತ್ತೀರಿ. ರಾಶಿ, ಬೆಟ್ಟೆ, ಅಪಿ, ಕೆಂಪುಗೋಟು ಎಂದು ಬಗೆಬಗೆಯ ಹೆಸರುಗಳು. ಪ್ರತಿಯೊಂದರ ಮುಂದೆ ಕ್ವಿಂಟಲಿಗೆ ಇಷ್ಟು ಕನಿಷ್ಠ, ಇಷ್ಟು ಗರಿಷ್ಠ ಎಂಬ ಅಂಕಿಗಳು. ಸರ್ಕಾರದ ಕೃಷಿ ಮಾರಾಟವಾಹಿನಿಯಲ್ಲಿ ನೋಡಿದರೆ ಇನ್ನೆರಡು ಅಂಕಣಗಳಿವೆ. ಒಂದು ಆವಕ, ಅಂದರೆ ಆ ದಿನ ಅಂಗಳಕ್ಕೆ ಬಂದ ಸರಕು. ಇನ್ನೊಂದು ಮಾದರಿ ಬೆಲೆ, ಅಂದರೆ ಹೆಚ್ಚಿನ ಪಾಲು ಸರಕು ಯಾವ ಬೆಲೆಗೆ ಹೋಯಿತೋ ಅದು.

ಈ ಕೊನೆಯ ಎರಡು ಅಂಕಣಗಳು ಏಕೆ ಬೇಕು? ಒಂದು ಲೆಕ್ಕ ಹಾಕಿ ನೋಡಿ. ಒಂದು ದಿನ ನೂರು ಚೀಲ ಶೇಂಗಾ ಬಂತೆನ್ನಿ. ತೊಂಬತ್ತೊಂಬತ್ತು ಚೀಲ ಆರು ಸಾವಿರದ ಧಾರಣೆಯಲ್ಲಿ ಹೋಯಿತು. ಒಂದೇ ಒಂದು ಚೀಲ, ಬಿತ್ತನೆಗೆ ಬೇಕೆಂದು, ಎಂಟು ಸಾವಿರದ ಧಾರಣೆಯಲ್ಲಿ ಹೋಯಿತು. ಮರುದಿನ "ಶೇಂಗಾ ಗರಿಷ್ಠ ಎಂಟು ಸಾವಿರ" ಎಂಬ ಸುದ್ದಿ ನಿಜವೇ. ಆದರೆ ಅದನ್ನು ನಂಬಿ ಗಾಡಿ ಕಟ್ಟಿಕೊಂಡು ಬಂದ ರೈತನಿಗೆ ಸಿಗುವುದು ಆರು ಸಾವಿರವೇ. ಅಂಕಿ ಸುಳ್ಳಲ್ಲ, ಅದನ್ನು ಓದಿದ ಕ್ರಮ ತಪ್ಪು.

ಆದ್ದರಿಂದ ಒಂದು ಮಾತನ್ನು ನೆನಪಿಡಿ. ತೂಕ, ಬಣ್ಣಗಳಂತೆ ಬೆಲೆಯು ವಸ್ತುವಿನ ಒಳಗಿರುವ ಗುಣವಲ್ಲ. ಒಂದು ಸ್ಥಳದಲ್ಲಿ, ಒಂದು ಹೊತ್ತಿನಲ್ಲಿ ಇಬ್ಬರ ನಡುವೆ ನಡೆದ ಒಂದು ವ್ಯವಹಾರದ ಸಾಕ್ಷ್ಯ ಅದು. ಸಾಕ್ಷಿ ಹೇಳುವವನನ್ನು ಪ್ರಶ್ನಿಸದೆ ಯಾವ ನ್ಯಾಯಾಲಯವೂ ತೀರ್ಪು ಕೊಡುವುದಿಲ್ಲ.

ಪರದೆಯ ಮೇಲಿನ ಐದು ಅಂಕಿಗಳು

ಈಗ ಆ ಹುಡುಗನ ಮೊಬೈಲಿಗೆ ಬರೋಣ. ಅಲ್ಲಿನ ಪ್ರತಿಯೊಂದು ಗೀಟೂ ಮೇಣದಬತ್ತಿಯಂತೆ ಕಾಣುತ್ತದೆ. ಅದರೊಳಗೆ ನಾಲ್ಕು ಅಂಕಿಗಳಿವೆ: ಆರಂಭದ ಧಾರಣೆ, ಗರಿಷ್ಠ, ಕನಿಷ್ಠ, ಮುಕ್ತಾಯದ ಧಾರಣೆ. ಕೆಳಗಿನ ಸಣ್ಣ ಕಂಬ ಐದನೆಯ ಅಂಕಿ, ವಹಿವಾಟಿನ ಪ್ರಮಾಣ. ನಮ್ಮ ಆವಕದ ಅಂಕಣಕ್ಕೆ ಹತ್ತಿರದ್ದು ಇದು.

ಈ ಅಂಕಿಗಳನ್ನು ಬರೆದವರು ಯಾರು? ಇಲ್ಲಿ ಬಹಳ ಜನ ಎಡವುತ್ತಾರೆ. ಬಿಟ್‌ಕಾಯಿನ್ನಿನ ಲೆಕ್ಕದ ಪುಸ್ತಕ 2009ರ ಜನವರಿಯಲ್ಲಿ ಆರಂಭವಾಯಿತು. ಪ್ರಪಂಚದ ಸಾವಿರಾರು ಗಣಕಯಂತ್ರಗಳಲ್ಲಿ ಅದರ ಪ್ರತಿಗಳಿವೆ, ತಿದ್ದುವುದು ಅಸಾಧ್ಯವೆನ್ನುವಷ್ಟು ಕಷ್ಟ. ಆದರೆ ಆ ಪುಸ್ತಕದಲ್ಲಿ ಬೆಲೆ ಇಲ್ಲವೇ ಇಲ್ಲ! ಯಾವ ಲೆಕ್ಕದಿಂದ ಯಾವ ಲೆಕ್ಕಕ್ಕೆ ಎಷ್ಟು ನಾಣ್ಯ ಹೋಯಿತು ಎಂಬುದಷ್ಟೇ ಇದೆ. ನಮ್ಮ ಪಹಣಿಯಲ್ಲಿ ಜಮೀನು ಯಾರ ಹೆಸರಿನಲ್ಲಿದೆ ಎಂದಿರುತ್ತದೆ, ಎಷ್ಟು ಬೆಲೆ ಬಾಳುತ್ತದೆ ಎಂದಿರುವುದಿಲ್ಲವಷ್ಟೆ? ಹಾಗೆ. ಬೆಲೆಯನ್ನು ಬರೆಯುವುದು ವಿನಿಮಯ ಕೇಂದ್ರಗಳು, ಅಂದರೆ ಕೊಳ್ಳುವವರನ್ನೂ ಮಾರುವವರನ್ನೂ ಕೂಡಿಸುವ ಖಾಸಗಿ ಕಂಪನಿಗಳು. ಅವುಗಳ ಒಳಗೆ ನಡೆಯುವ ಕೊಡುಕೊಳ್ಳುವಿಕೆ ಸಾಮಾನ್ಯವಾಗಿ ಅವುಗಳ ಸ್ವಂತ ದಫ್ತರದಲ್ಲೇ ಉಳಿಯುತ್ತದೆ. ತಿದ್ದಲಾಗದ ಪುಸ್ತಕದ ಮರ್ಯಾದೆಯನ್ನು ಖಾಸಗಿ ದಫ್ತರಕ್ಕೆ ಕೊಡುವುದು ಮೊದಲ ತಪ್ಪು.

ಎಲ್ಲಿಯ ಧಾರಣೆ?

ಭೀಮಸಮುದ್ರದ ಧಾರಣೆಯೇ ಬೇರೆ, ಶಿವಮೊಗ್ಗದ ಧಾರಣೆಯೇ ಬೇರೆ ಎಂಬುದು ಅಡಿಕೆ ಬೆಳೆಗಾರರ ಮನೆಯಲ್ಲಿ ಎಲ್ಲರಿಗೂ ಗೊತ್ತು. ಬಿಟ್‌ಕಾಯಿನ್ನಿಗೂ ಒಂದೇ ಮಾರುಕಟ್ಟೆ ಇಲ್ಲ. ದಕ್ಷಿಣ ಕೊರಿಯಾದಲ್ಲಿ ಹಣ ಹೊರಗೆ ಕಳಿಸಲು ಕಟ್ಟುಪಾಡುಗಳಿದ್ದುದರಿಂದ, 2018ರ ಆರಂಭದಲ್ಲಿ ಅಲ್ಲಿನ ಬೆಲೆ ಉಳಿದ ದೇಶಗಳಿಗಿಂತ ಬಹಳ ಮೇಲಿತ್ತು. ಧಾರಣೆಗಳ ಸರಾಸರಿ ಪ್ರಕಟಿಸುವ ಕಾಯಿನ್‌ಮಾರ್ಕೆಟ್‌ಕ್ಯಾಪ್ ಎಂಬ ಪ್ರಸಿದ್ಧ ತಾಣ, ಆ ವರ್ಷ ಜನವರಿ 8ರಂದು, ಮುಂಚಿತವಾಗಿ ತಿಳಿಸದೆ ಕೊರಿಯಾದ ಕೇಂದ್ರಗಳನ್ನು ಸರಾಸರಿಯಿಂದ ಕೈಬಿಟ್ಟಿತು. ಪರದೆಯ ಮೇಲೆ ಬೆಲೆಗಳು ದಡಕ್ಕನೆ ಇಳಿದವು. ಮಾರುಕಟ್ಟೆ ಕುಸಿಯಿತೆಂದು ಜನ ಗಾಬರಿಯಾದರು. ಲೆಕ್ಕ ಹಾಕುವ ಕ್ರಮ ಬದಲಾದದ್ದು ಅವರ ಕಣ್ಣಿಗೆ ಬೀಳಲಿಲ್ಲ.

ಹೊತ್ತನ್ನೂ ಕೇಳಬೇಕು. ಅಂಗಳದಲ್ಲಿ ಟೆಂಡರು ಮುಗಿದರೆ ಆ ದಿನದ ಧಾರಣೆ ಮುಗಿಯಿತು. ಈ ನಾಣ್ಯಗಳ ಪೇಟೆಗೆ ರಾತ್ರಿಯೂ ಇಲ್ಲ, ಭಾನುವಾರವೂ ಇಲ್ಲ. ಹೆಚ್ಚಿನ ದಾಖಲೆಗಳಲ್ಲಿ ದಿನ ಬದಲಾಗುವುದು ಗ್ರೀನಿಚ್ ಕಾಲಕ್ಕೆ ಸಮನಾದ ಅಂತಾರಾಷ್ಟ್ರೀಯ ಕಾಲಮಾನದ ಮಧ್ಯರಾತ್ರಿ, ಅಂದರೆ ನಮ್ಮಲ್ಲಿ ಬೆಳಗಿನ ಐದೂವರೆ. ಹಿರಿಯೂರಿನಲ್ಲಿ ರಾತ್ರಿ ಹತ್ತಕ್ಕೆ ನೀವು ನೋಡುವ "ಇಂದಿನ ಬೆಲೆ" ಇನ್ನೂ ಮುಗಿಯದ ದಿನದ ಬೆಲೆ. ಜೊತೆಗೆ ಆ ಬೆಲೆ ಡಾಲರಿನದೋ ರೂಪಾಯಿಯದೋ ಎಂದು ನೋಡಬೇಕು. ಡಾಲರಿನ ಬೆಲೆ ಅಲುಗಾಡದಿದ್ದರೂ ರೂಪಾಯಿಯ ಬೆಲೆ ಏರಬಹುದು. ಆಗ ಬದಲಾದದ್ದು ರೂಪಾಯಿ, ನಾಣ್ಯವಲ್ಲ.

ಎಷ್ಟು ಸರಕು?

ಅಂಗಳದಲ್ಲಿ ಅಣ್ಣತಮ್ಮಂದಿರಿಬ್ಬರು ಒಂದೇ ಚೀಲವನ್ನು ಹತ್ತು ಸಲ ಪರಸ್ಪರ ಮಾರಿಕೊಂಡು "ಭಾರಿ ವಹಿವಾಟು" ಎಂದು ತೋರಿಸಬಲ್ಲರೆ? ಕಷ್ಟ. ಪ್ರತಿ ಮಾರಾಟಕ್ಕೂ ಮಾರುಕಟ್ಟೆ ಶುಲ್ಕವಿದೆ, ಹಮಾಲಿಯಿದೆ. ಸುಳ್ಳು ಹೇಳಲು ದುಡ್ಡು ಖರ್ಚಾಗುತ್ತದೆ. ವಿನಿಮಯ ಕೇಂದ್ರವೇ ತನ್ನ ಯಂತ್ರದಿಂದ ತನಗೆ ತಾನೇ ಮಾರಿಕೊಂಡರೆ ಅಂಥ ಖರ್ಚೇನೂ ಇಲ್ಲ. ವಹಿವಾಟು ದೊಡ್ಡದೆಂದು ಕಂಡರೆ ಹೊಸ ಗಿರಾಕಿಗಳು ಬರುತ್ತಾರೆ ಎಂಬ ಆಸೆ ಮಾತ್ರ ಇದೆ. 2019ರ ಮಾರ್ಚಿಯಲ್ಲಿ ಬಿಟ್‌ವೈಸ್ ಎಂಬ ಅಮೆರಿಕದ ಸಂಸ್ಥೆ ಅಲ್ಲಿನ ಷೇರುಪೇಟೆ ನಿಯಂತ್ರಕರಿಗೆ ಒಂದು ವಿಶ್ಲೇಷಣೆ ಸಲ್ಲಿಸಿತು. ಆಗ ವರದಿಯಾಗುತ್ತಿದ್ದ ಬಿಟ್‌ಕಾಯಿನ್ ವಹಿವಾಟಿನಲ್ಲಿ ಶೇಕಡಾ 95ರಷ್ಟು ನಕಲಿ ಅಥವಾ ಆರ್ಥಿಕ ಅರ್ಥವಿಲ್ಲದ್ದು ಎಂಬುದು ಅದರ ನಿರ್ಣಯ.

ಅಂಕಿ ನಿಜವಿದ್ದರೂ ಕಾರಣ ಅಂಕಿಯ ಹೊರಗಿರಬಹುದು. ಭಾರತದ ವಿನಿಮಯ ಕೇಂದ್ರಗಳ ವಹಿವಾಟು 2022ರ ಮಧ್ಯದಲ್ಲಿ ತೀವ್ರವಾಗಿ ಕುಸಿಯಿತು. ಜನರ ಆಸಕ್ತಿ ಬತ್ತಿತೆಂದು ಅದನ್ನು ಓದಬೇಡಿ. ಆ ವರ್ಷ ಏಪ್ರಿಲಿನಿಂದ ಲಾಭದ ಮೇಲೆ ಶೇಕಡಾ 30 ತೆರಿಗೆ, ಜುಲೈ 1ರಿಂದ ಮಾರಾಟದ ಮೊತ್ತದ ಮೇಲೆ ಶೇಕಡಾ 1ರ ಕಡಿತ ಜಾರಿಗೆ ಬಂದವು. ಬಹಳ ಜನ ವಿದೇಶೀ ಕೇಂದ್ರಗಳಿಗೆ ಹೋದರು.

ಹರಿದುಹೋದ ಹಾಳೆಗಳು

ದಾಖಲೆಯಲ್ಲಿ ಇರುವುದಕ್ಕಿಂತ ಇಲ್ಲದಿರುವುದು ಕೆಲವೊಮ್ಮೆ ಹೆಚ್ಚು ಹೇಳುತ್ತದೆ. 2011ರ ಜೂನ್ 19ರಂದು, ಆ ಕಾಲದ ಅತಿ ದೊಡ್ಡ ಕೇಂದ್ರವಾಗಿದ್ದ ಟೋಕಿಯೋದ ಮೌಂಟ್ ಗಾಕ್ಸ್‌ಗೆ ಕನ್ನ ಬಿತ್ತು. ಸುಮಾರು ಹದಿನೇಳು ಡಾಲರಿದ್ದ ಬಿಟ್‌ಕಾಯಿನ್ ಕೆಲವೇ ನಿಮಿಷಗಳಲ್ಲಿ ಒಂದು ಸೆಂಟಿಗೆ ಇಳಿಯಿತು. ಕೇಂದ್ರದವರು ಆ ವ್ಯವಹಾರಗಳನ್ನು ರದ್ದು ಮಾಡಿದರು. ಹಾಗಾದರೆ ಆ ದಿನದ ಕನಿಷ್ಠ ಬೆಲೆ ಯಾವುದು? ಕೆಲವು ದಾಖಲೆಗಳಲ್ಲಿ ಒಂದು ಸೆಂಟ್ ಇದೆ, ಕೆಲವುಗಳಲ್ಲಿ ಇಲ್ಲ. 2014ರ ಫೆಬ್ರವರಿಯಲ್ಲಿ, ಎಂಟೂವರೆ ಲಕ್ಷ ಬಿಟ್‌ಕಾಯಿನ್ ಕಾಣೆಯಾಗಿವೆ ಎಂದು ಹೇಳಿ ಮೌಂಟ್ ಗಾಕ್ಸ್ ದಿವಾಳಿಯಾಯಿತು. ಅವುಗಳಲ್ಲಿ ಎರಡು ಲಕ್ಷದಷ್ಟು ಆಮೇಲೆ ಸಿಕ್ಕವು.

ನಮ್ಮ ದೇಶದಲ್ಲೂ ಹಾಳೆಗಳು ಹರಿದಿವೆ. ಬೆಂಗಳೂರಿನ ಯುನೋಕಾಯಿನ್ 2013ರಲ್ಲಿ ಆರಂಭವಾಯಿತು, ಅನಂತರ ಹಲವು ಕೇಂದ್ರಗಳು ಬಂದವು. 2018ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕು, ಇಂಥ ವ್ಯವಹಾರಕ್ಕೆ ಬ್ಯಾಂಕುಗಳು ಸೇವೆ ಕೊಡಬಾರದೆಂದು ಸುತ್ತೋಲೆ ಹೊರಡಿಸಿತು. ಅದೇ ಸೆಪ್ಟೆಂಬರಿನಲ್ಲಿ ಝೆಬ್‌ಪೇ ಭಾರತದಲ್ಲಿನ ವಹಿವಾಟನ್ನು ನಿಲ್ಲಿಸಿತು. 2019ರ ಜೂನಿನಲ್ಲಿ ಕಾಯಿನೆಕ್ಸ್ ಮುಚ್ಚಿತು. ಸರ್ವೋಚ್ಚ ನ್ಯಾಯಾಲಯ 2020ರ ಮಾರ್ಚ್ 4ರಂದು ಆ ಸುತ್ತೋಲೆಯನ್ನು ರದ್ದುಪಡಿಸಿತು. ಮುಚ್ಚಿದ ಅಂಗಡಿಯ ಲೆಕ್ಕದ ಪುಸ್ತಕವನ್ನು ಯಾರು ಕಾಪಾಡುತ್ತಾರೆ? ಇಂದು ನಿಮ್ಮ ಪರದೆಯ ಮೇಲೆ ಕಾಣುವುದು ಹೆಚ್ಚಾಗಿ ಬದುಕುಳಿದ ಕೇಂದ್ರಗಳ, ಬದುಕುಳಿದ ನಾಣ್ಯಗಳ ಚರಿತ್ರೆ. ಗೆದ್ದವರ ಅಂಕಪಟ್ಟಿಯನ್ನಷ್ಟೇ ನೋಡಿ ಪರೀಕ್ಷೆ ಸುಲಭ ಎಂದುಕೊಂಡ ಹಾಗೆ.

ಹದಿನೈದು ವರ್ಷ ಸಾಕೆ?

ಹಿರಿಯೂರಿನ ಓದುಗರಿಗೆ ವಾಣಿ ವಿಲಾಸ ಸಾಗರವನ್ನು ಪರಿಚಯಿಸಬೇಕಾಗಿಲ್ಲ. 1907ರಲ್ಲಿ ಕಟ್ಟಿ ಮುಗಿದ ಈ ಮಾರಿಕಣಿವೆ 1933ರಲ್ಲಿ ತುಂಬಿತು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. ಆಮೇಲೆ 2025ರ ಜನವರಿಯಲ್ಲೇ ಪುನಃ ಕೋಡಿ ಹರಿಯಿತು. 1934ರಿಂದ 2021ರವರೆಗಿನ ದಾಖಲೆ ಮಾತ್ರ ಇದ್ದವನು "ಇದು ತುಂಬುವುದೇ ಇಲ್ಲ" ಎನ್ನುತ್ತಿದ್ದ. 2022ರಿಂದ ಈಚಿನದು ಮಾತ್ರ ಇದ್ದವನು "ಎರಡು ಮೂರು ವರ್ಷಕ್ಕೊಮ್ಮೆ ತುಂಬುತ್ತದೆ" ಎನ್ನುತ್ತಾನೆ. ಇಬ್ಬರ ಅಂಕಿಗಳೂ ನಿಜ, ಇಬ್ಬರ ತೀರ್ಮಾನವೂ ತಪ್ಪು.

ಬಿಟ್‌ಕಾಯಿನ್ನಿನ ಧಾರಣೆಯ ದಾಖಲೆ ಸಿಗುವುದು 2010ರಿಂದ. ಅಷ್ಟರೊಳಗೇ 2021ರ ನವೆಂಬರಿನಲ್ಲಿ ಸುಮಾರು 69,000 ಡಾಲರಿಗೆ ಏರಿ, ಒಂದು ವರ್ಷದಲ್ಲಿ 16,000ಕ್ಕಿಂತ ಕೆಳಗಿಳಿದು, 2024ರ ಡಿಸೆಂಬರಿನಲ್ಲಿ ಒಂದು ಲಕ್ಷ ದಾಟಿದ ವಸ್ತು ಇದು. ಇಷ್ಟು ಗಿಡ್ಡ ದಾಖಲೆಯಿಂದ ಮುಂದಿನ ವರ್ಷದ ಬೆಲೆ ಹೇಳುವವನು ಮಾರಿಕಣಿವೆಯ ಇಬ್ಬರಲ್ಲಿ ಒಬ್ಬನಾಗಿರುತ್ತಾನೆ.

ಹಳೆಯ ಬೆಲೆಗೂ ಬೆಲೆಯಿದೆ

ಹಾಗಾದರೆ ಹಳೆಯ ದಾಖಲೆ ಕೆಲಸಕ್ಕೆ ಬಾರದೇ ಎಂದು ಕೇಳಬೇಡಿ. ಅದರ ಮೇಲೆ ಜನರ ಬದುಕು ನಿಂತ ಪ್ರಸಂಗಗಳಿವೆ. ಎಫ್‌ಟಿಎಕ್ಸ್ ಎಂಬ ದೊಡ್ಡ ಕೇಂದ್ರ 2022ರ ನವೆಂಬರ್ 11ರಂದು ದಿವಾಳಿ ಅರ್ಜಿ ಹಾಕಿತು. ಅಲ್ಲಿ ನಾಣ್ಯ ಇಟ್ಟಿದ್ದವರಿಗೆ ಎಷ್ಟು ಸಲ್ಲಬೇಕೆಂದು ಲೆಕ್ಕ ಹಾಕಲು ಆ ದಿನದ ಧಾರಣೆಯನ್ನೇ ಆಧಾರ ಮಾಡಲಾಯಿತು: ಒಂದು ಬಿಟ್‌ಕಾಯಿನ್ನಿಗೆ 16,871 ಡಾಲರ್. ಆಮೇಲೆ ಬೆಲೆ ಎಷ್ಟೇ ಏರಿದರೂ ಅವರ ಲೆಕ್ಕ ಆ ಒಂದು ಸಾಲಿಗೆ ಕಟ್ಟುಬಿದ್ದಿತ್ತು. ನಮ್ಮಲ್ಲಿ 2024ರ ಜುಲೈ 18ರಂದು ವಜೀರ್‌ಎಕ್ಸ್ ಕೇಂದ್ರದಿಂದ 23 ಕೋಟಿ ಡಾಲರಿಗೂ ಹೆಚ್ಚು ಮೌಲ್ಯದ ನಾಣ್ಯ ಕಳವಾಯಿತು. ಗ್ರಾಹಕರ ಪರದೆಯ ಮೇಲೆ ಅಂಕಿ ಇತ್ತು, ಹಿಂದೆ ಪಡೆಯುವ ದಾರಿ ಮುಚ್ಚಿತ್ತು. ಧಾರಣೆಯ ಪಟ್ಟಿ "ಬೆಲೆ ಎಷ್ಟು" ಎಂದು ಹೇಳುತ್ತದೆ. "ನಿನ್ನ ಕೈಗೆ ಬರುತ್ತದೆಯೇ" ಎಂದು ಹೇಳುವುದಿಲ್ಲ.

ಇನ್ನೊಂದು ಎಚ್ಚರಿಕೆ. ವಿನಿಮಯ ಕೇಂದ್ರವೇ ಇಲ್ಲದೆ ಬರೀ ಗೀಟುಗಳನ್ನು ಬರೆದು ತೋರಿಸುವ ಮೋಸದ ಆ್ಯಪ್‌ಗಳೂ ಇವೆ. ಅಲ್ಲಿ ಏರುವ ಲಾಭ ಗೋಡೆಯ ಮೇಲಿನ ಚಿತ್ರವಿದ್ದ ಹಾಗೆ. ಮೋಸಹೋದರೆ ನಾಚಿಕೆಪಟ್ಟು ಸುಮ್ಮನಿರಬೇಡಿ, ತಡಮಾಡದೆ 1930ಕ್ಕೆ ದೂರವಾಣಿ ಮಾಡಿ.

ಕೊನೆಯದಾಗಿ ನಿಮಗೊಂದು ಕೆಲಸ. ಚಿತ್ರದುರ್ಗ, ಹೊಳಲ್ಕೆರೆಯವರು ಅಡಿಕೆಯದು, ಹೊಸದುರ್ಗ, ಹಿರಿಯೂರಿನವರು ತೆಂಗಿನದು, ಒಂದು ತಿಂಗಳ ಧಾರಣೆಯನ್ನು ನೋಟುಪುಸ್ತಕದಲ್ಲಿ ಬರೆಯಿರಿ. ಎಲ್ಲಿಯದು, ಯಾವ ಹೊತ್ತಿನದು, ಯಾವ ಅಳತೆಯಲ್ಲಿ, ಎಷ್ಟು ಆವಕ, ಬರೆದವರು ಯಾರು, ಬಿಟ್ಟುಹೋದದ್ದೇನು ಎಂದು ಪಕ್ಕದಲ್ಲಿ ಗುರುತು ಹಾಕಿ. ಸಾಧ್ಯವಾದರೆ ಮನೆಯವರು ನಿಜವಾಗಿ ಪಡೆದ ಬೆಲೆಯನ್ನೂ ಬರೆಯಿರಿ. ಎರಡಕ್ಕೂ ಇರುವ ಅಂತರ ಯಾವ ಪಠ್ಯಪುಸ್ತಕಕ್ಕಿಂತಲೂ ಚೆನ್ನಾಗಿ ಪಾಠ ಹೇಳುತ್ತದೆ.

ಹೊಳಲ್ಕೆರೆಯ ಆ ಗೆಳೆಯನಿಗೂ ಇದೇ ಉತ್ತರ. ಈ ಆರು ಪ್ರಶ್ನೆಗಳನ್ನು ನಿನ್ನ ಮೊಬೈಲಿನ ಗೀಟುಗಳಿಗೆ ಕೇಳಿ ನೋಡಪ್ಪ. ಒಂದಕ್ಕಾದರೂ ಉತ್ತರ ಸಿಗದಿದ್ದರೆ, ಸಿಗುವವರೆಗೆ, ಅಪ್ಪನ ಅಡಿಕೆಯ ಹಣ ಬ್ಯಾಂಕಿನಲ್ಲೇ ಇರಲಿ.