ಹೆದ್ದಾರಿಯಲ್ಲಿ ಕಾಡುಹಂದಿ, ಚಿರತೆಗೆ ಗಾಡಿ ಡಿಕ್ಕಿಯಾದರೆ ಏನು ಮಾಡಬೇಕು? ಹೆದರಿ ಹೊರಟುಬಿಟ್ಟರೆ ನಷ್ಟ ನಿಮಗೇ

ದೊಡ್ಡಬಳ್ಳಾಪುರ: ಬೆಳಗಿನ ಜಾವ ನಾಲ್ಕು ಗಂಟೆ. ಟಾಟಾ ಏಸ್‌ಗೆ ಹೂವಿನ ಮೂಟೆ ತುಂಬಿಕೊಂಡು ಕೆ.ಆರ್. ಮಾರುಕಟ್ಟೆ ಕಡೆ ಹೊರಟಿದ್ದೀರಿ ಅಂದುಕೊಳ್ಳಿ. ರಸ್ತೆ ಖಾಲಿ. ಡಿವೈಡರ್ ಗಿಡಗಳ ಮರೆಯಿಂದ ಕಪ್ಪಗೆ ಏನೋ ನುಗ್ಗುತ್ತೆ. ಬ್ರೇಕ್ ಒತ್ತುವಷ್ಟರಲ್ಲಿ ಧಡ್ ಅಂತ ಸದ್ದು. ಇಳಿದು ನೋಡಿದರೆ ಕಾಡುಹಂದಿ. ಬಂಪರ್ ಒಳಗೆ ಹೋಗಿದೆ, ಹೆಡ್‌ಲೈಟ್ ಪುಡಿಯಾಗಿದೆ, ಮಾರುಕಟ್ಟೆಗೆ ಹೊತ್ತಾಗ್ತಿದೆ.

ಆಗ ಸಾಮಾನ್ಯವಾಗಿ ಎಲ್ಲರಿಗೂ ಬರುವ ಮೊದಲ ಯೋಚನೆ ಒಂದೇ: "ಅರಣ್ಯ ಇಲಾಖೆಯವರು ಕೇಸ್ ಹಾಕ್ತಾರೆ. ಯಾಕಪ್ಪ ತಲೆನೋವು, ಯಾರೂ ನೋಡಿಲ್ಲ, ಹೊರಟುಬಿಡೋಣ."

ಹೀಗೆ ಹೊರಟರೆ ಮೂರು ಕಡೆ ಪೆಟ್ಟು. ಇನ್ಶೂರೆನ್ಸ್ ಕ್ಲೇಮ್‌ಗೆ ಸಾಕ್ಷಿ ಇರಲ್ಲ. ರಸ್ತೆಯಲ್ಲೇ ಬಿದ್ದಿರುವ ಪ್ರಾಣಿಗೆ ಹಿಂದೆ ಬರುವ ಬೈಕ್‌ನವನು ಗುದ್ದಿ ಬೀಳ್ತಾನೆ. ನಾಳೆ ಸಿಸಿಟಿವಿಯಲ್ಲಿ ನಿಮ್ಮ ಗಾಡಿ ಸಿಕ್ಕರೆ, ಆಕಸ್ಮಿಕವಾಗಿ ಆದದ್ದಕ್ಕೂ ತಪ್ಪು ಮಾಡಿದವರ ಹಾಗೆ ಉತ್ತರ ಕೊಡಬೇಕಾಗುತ್ತೆ. ಹಾಗಾದರೆ ಏನು ಮಾಡಬೇಕು, ಕಾನೂನು ಏನು ಹೇಳುತ್ತೆ, ಇನ್ಶೂರೆನ್ಸ್ ಸಿಗುತ್ತಾ? ಒಂದೊಂದಾಗಿ ನೋಡೋಣ.

ನಮ್ಮ ಕಡೆ ಪ್ರಾಣಿಗಳು ರಸ್ತೆಗೆ ಯಾಕೆ ಬರ್ತವೆ?

ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಹೆದ್ದಾರಿಗೆ ಗೇಟ್ ಹಾಕ್ತಾರೆ. ಅಲ್ಲಿ ಕಾಡು ಎಲ್ಲಿ ಶುರುವಾಗುತ್ತೆ ಅಂತ ಬೋರ್ಡ್ ನೋಡಿದರೆ ಗೊತ್ತಾಗುತ್ತೆ. ನಮ್ಮ ಜಿಲ್ಲೆಯಲ್ಲಿ ಹಾಗಿಲ್ಲ. ಇಲ್ಲಿ ಕಾಡು ಅಂದರೆ ತುಂಡು ತುಂಡು: ಶಿವಗಂಗೆ ಬೆಟ್ಟ, ಮಾಕಳಿದುರ್ಗ, ಘಾಟಿ ಸುಬ್ರಹ್ಮಣ್ಯದ ಸುತ್ತಲ ಗುಡ್ಡಗಳು, ಆಚೆ ನಂದಿ ಬೆಟ್ಟದ ಸಾಲು, ಈಚೆ ಹೆಸರಘಟ್ಟದ ಹುಲ್ಲುಗಾವಲು. ಇವುಗಳ ನಡುವೆ ಕೆರೆ ಅಂಗಳ, ನೀಲಗಿರಿ ತೋಪು, ರಾಗಿ ಹೊಲ, ಮುಸುಕಿನ ಜೋಳ, ದ್ರಾಕ್ಷಿ ತೋಟ. ಪ್ರಾಣಿಗಳು ಒಂದು ತುಂಡಿನಿಂದ ಇನ್ನೊಂದಕ್ಕೆ ರಾತ್ರಿ ಹೊತ್ತು ಓಡಾಡ್ತವೆ. ಇದೇ ಜಾಗದಲ್ಲಿ ತುಮಕೂರು ರಸ್ತೆ (ಎನ್‌ಎಚ್ 48), ನೆಲಮಂಗಲದಿಂದ ಹಾಸನದ ಕಡೆ ಮತ್ತು ಹೊಸಕೋಟೆಯಿಂದ ಕೋಲಾರದ ಕಡೆ ಎನ್‌ಎಚ್ 75, ದೇವನಹಳ್ಳಿ ಮೇಲಿನ ಎನ್‌ಎಚ್ 44, ಜೊತೆಗೆ ಡಾಬಸ್‌ಪೇಟೆ–ದೊಡ್ಡಬಳ್ಳಾಪುರ–ದೇವನಹಳ್ಳಿ–ಹೊಸಕೋಟೆ ಸುತ್ತುವ ಸ್ಯಾಟಲೈಟ್ ರಿಂಗ್ ರಸ್ತೆ ಹಾದು ಹೋಗ್ತವೆ.

ಹಳೇ ರಸ್ತೆಯಲ್ಲಿ ಗುಂಡಿ ತಪ್ಪಿಸಿಕೊಂಡು 40ರಲ್ಲಿ ಹೋಗ್ತಿದ್ದವರು ಈಗ 100ರಲ್ಲಿ ಹೋಗ್ತಾರೆ. ಪ್ರಾಣಿಗಳ ದಾರಿ ಮಾತ್ರ ಅದೇ ಹಳೇದು. ವನ್ಯಜೀವಿ ಸಂಶೋಧಕ ಸಂಜಯ್ ಗುಬ್ಬಿ ಮತ್ತು ತಂಡದವರು 2014ರಲ್ಲೇ, ರಸ್ತೆಗಳು ಚಿರತೆಗಳಿಗೆ ದೊಡ್ಡ ಅಪಾಯವಾಗಿ ಬೆಳೀತಿವೆಯಾ ಎಂಬ ಪ್ರಶ್ನೆ ಎತ್ತಿದ್ದರು. ಚಿರತೆ, ಹಂದಿ ಮಾತ್ರ ಅಲ್ಲ. ನರಿ, ಮುಳ್ಳುಹಂದಿ, ಪುನುಗು ಬೆಕ್ಕು, ಮುಂಗುಸಿ, ಮೊಲ, ನವಿಲು, ಉಡ ಎಲ್ಲವೂ ಚಕ್ರದಡಿ ಸಿಗ್ತವೆ. ಸಣ್ಣ ಪ್ರಾಣಿ ಅಂತ ಬೈಕ್ ಸವಾರರು ಹಗುರವಾಗಿ ತಗೊಳ್ಳೋ ಹಾಗಿಲ್ಲ. ಮುಂದಿನ ಚಕ್ರ ಜಾರಿಸೋಕೆ ಒಂದು ಮುಂಗುಸಿ ಸಾಕು.

ಇನ್ನೊಂದು ಕಾರಣ ನಾವೇ ಮಾಡಿಕೊಂಡದ್ದು. ಕೋಳಿ ಅಂಗಡಿ ತ್ಯಾಜ್ಯ, ಹೋಟೆಲ್ ಮುಸುರೆ, ಕಲ್ಯಾಣ ಮಂಟಪದಲ್ಲಿ ಮಿಕ್ಕ ಊಟವನ್ನು ಮೂಟೆ ಕಟ್ಟಿ ರಾತ್ರಿ ಬೈಪಾಸ್ ಪಕ್ಕ ಎಸೀತಾರೆ. ಅದಕ್ಕೆ ನಾಯಿಗಳು ಬರ್ತವೆ, ಹಂದಿ ಬರ್ತವೆ. ನಾಯಿ ಹಿಡಿಯೋಕೆ ಚಿರತೆ ಬರುತ್ತೆ. ಅದೇ ಮೂಟೆ ರಸ್ತೆ ಕೆಳಗಿನ ಮೋರಿಗೆ ಬಿದ್ದು ಕಟ್ಟಿಕೊಂಡರೆ, ಮೋರಿ ಒಳಗೆ ದಾಟಬೇಕಿದ್ದ ಪ್ರಾಣಿ ಮೇಲೆ ಹತ್ತಿ ರಸ್ತೆ ದಾಟುತ್ತೆ.

80ರಲ್ಲಿ ಹೋಗ್ತಿದ್ದರೆ ಗಾಡಿ ಎಷ್ಟು ದೂರಕ್ಕೆ ನಿಲ್ಲುತ್ತೆ?

ಕಣ್ಣಿಗೆ ಬಿದ್ದು, ಕಾಲು ಬ್ರೇಕ್ ಮೇಲೆ ಹೋಗೋಕೆ ಒಂದೂವರೆ ಸೆಕೆಂಡ್ ಅಂತ ಇಟ್ಟುಕೊಳ್ಳಿ. ಒಳ್ಳೆ ಟೈರ್, ಒಣ ರಸ್ತೆ ಇದ್ದರೆ ಲೆಕ್ಕ ಹೆಚ್ಚು ಕಡಿಮೆ ಹೀಗೆ:

- 60 ಕಿ.ಮೀ. ವೇಗದಲ್ಲಿ: ಸುಮಾರು 45 ಮೀಟರ್‌ಗೆ ನಿಲ್ಲುತ್ತೆ
- 80 ಕಿ.ಮೀ. ವೇಗದಲ್ಲಿ: ಸುಮಾರು 70 ಮೀಟರ್
- 100 ಕಿ.ಮೀ. ವೇಗದಲ್ಲಿ: ಸುಮಾರು 100 ಮೀಟರ್

ಲೋಡ್ ಇದ್ದರೆ, ಮಳೆ ಬಂದಿದ್ದರೆ, ಟೈರ್ ಸವೆದಿದ್ದರೆ ಇನ್ನೂ ಜಾಸ್ತಿ. ಡಿಪ್ ಲೈಟ್‌ನಲ್ಲಿ ಕತ್ತಲ ರಸ್ತೆ ಸ್ಪಷ್ಟವಾಗಿ ಕಾಣೋದು ಸುಮಾರು 40–50 ಮೀಟರ್ ಮಾತ್ರ. ಅಂದರೆ 80ರಲ್ಲಿ ಹೋಗ್ತಿದ್ದರೆ ಪ್ರಾಣಿ ಕಾಣುವ ಹೊತ್ತಿಗೆ ನಿಲ್ಲಿಸುವ ಜಾಗ ಮುಗಿದಿರುತ್ತೆ. ಎಷ್ಟೇ ಒಳ್ಳೆ ಡ್ರೈವರ್ ಆದರೂ ಈ ಲೆಕ್ಕ ಬದಲಾಗಲ್ಲ. ಬೆಟ್ಟದ ಸಾಲು, ಕೆರೆ ಏರಿ, ತೋಪು ಇರುವ ಕಡೆ ರಾತ್ರಿ ಹೊತ್ತು 60 ದಾಟದೇ ಇರೋದೇ ಕ್ಷೇಮ.

ಪ್ರಾಣಿ ಅಡ್ಡ ಬಂದೇಬಿಟ್ಟರೆ:

- ಸ್ಟೀರಿಂಗ್ ತಿರುಗಿಸಬೇಡಿ. ನೇರವಾಗಿ ಹಿಡಿದು ಬ್ರೇಕ್ ಒತ್ತಿ. ಹಂದಿ ತಪ್ಪಿಸೋಕೆ ಹೋಗಿ ಡಿವೈಡರ್‌ಗೋ, ಎದುರಿನ ಲಾರಿಗೋ ಗುದ್ದಿದರೆ ಪ್ರಾಣವೇ ಹೋಗಬಹುದು.
- ಎಬಿಎಸ್ ಇರುವ ಗಾಡಿಯಲ್ಲಿ ಬ್ರೇಕ್ ಪೂರ್ತಿ ಒತ್ತಿ ಹಿಡಿಯಿರಿ. ಪೆಡಲ್ ನಡುಗಿದರೆ ಬಿಡಬೇಡಿ. ಬೈಕ್‌ನಲ್ಲಿ ಎರಡೂ ಬ್ರೇಕ್ ಒಟ್ಟಿಗೆ.
- ಹೈ ಬೀಮ್ ಕಣ್ಣಿಗೆ ಹೊಡೆದರೆ ಪ್ರಾಣಿ ಅಲ್ಲೇ ನಿಂತುಬಿಡುತ್ತೆ. ಡಿಪ್ ಮಾಡಿ, ಒಂದೆರಡು ಸಲ ಹಾರ್ನ್ ಮಾಡಿ.
- ಒಂದು ಹಂದಿ ದಾಟಿತು ಅಂತ ಎಕ್ಸಲೇಟರ್ ಕೊಡಬೇಡಿ. ಹಿಂದೆ ಮರಿಗಳ ಸಾಲು ಇರುತ್ತೆ.

ಡಿಕ್ಕಿಯಾದ ಮೇಲೆ ಮೊದಲ ಹತ್ತು ನಿಮಿಷ

ಗಾಡಿಯನ್ನು ಎಡಕ್ಕೆ ತಗೊಂಡು ನಾಲ್ಕೂ ಇಂಡಿಕೇಟರ್ ಹಾಕಿ. ಹಿಂದೆ ತ್ರಿಕೋನದ ರಿಫ್ಲೆಕ್ಟರ್ ಇಡಿ. ಅದಿಲ್ಲದಿದ್ದರೆ ಮೊಬೈಲ್ ಟಾರ್ಚ್ ಹಿಡಿದು ಒಬ್ಬರು ರಸ್ತೆ ಅಂಚಿನಾಚೆ ನಿಂತು ಬರುವವರಿಗೆ ಎಚ್ಚರಿಕೆ ಕೊಡಲಿ.

ಬಿದ್ದ ಪ್ರಾಣಿ ಹತ್ತಿರ ಹೋಗಬೇಡಿ. ಸತ್ತ ಹಾಗೆ ಮಲಗಿರುವ ಚಿರತೆಗೆ ಪ್ರಜ್ಞೆ ತಪ್ಪಿರಬಹುದು ಅಷ್ಟೇ. ಎದ್ದರೆ ಎದುರಿಗಿದ್ದವರ ಮೇಲೇ ಬೀಳುತ್ತೆ. ಗಾಯಗೊಂಡ ಹಂದಿಯೂ ಹಾಗೇ, ಕೋರೆಯಿಂದ ತೊಡೆ ಸೀಳುತ್ತೆ. ಸೆಲ್ಫಿ, ವಿಡಿಯೋ ಅಂತ ಸೇರುವ ಜನರನ್ನೂ ದೂರ ಇಡಿ.

ಬಳಿಕ ಫೋನ್ ಮಾಡಿ:

- ಯಾರಿಗಾದರೂ ಪೆಟ್ಟಾಗಿದ್ದರೆ 108 ಅಥವಾ 112
- ಅರಣ್ಯ ಇಲಾಖೆ ಸಹಾಯವಾಣಿ 1926
- ರಾಷ್ಟ್ರೀಯ ಹೆದ್ದಾರಿಯಾದರೆ 1033. ರಸ್ತೆ ತೆರವು, ಕ್ರೇನ್‌ಗೆ ಇವರೇ ನೆರವಾಗೋದು.

ಗಾಡಿ ಮತ್ತು ಪ್ರಾಣಿ ಎರಡೂ ಕಾಣುವಂತೆ, ಕಿಲೋಮೀಟರ್ ಕಲ್ಲು ಅಥವಾ ಬೋರ್ಡ್ ಸೇರಿಸಿ ದೂರದಿಂದಲೇ ಫೋಟೋ ತೆಗೆಯಿರಿ. ರಕ್ತ, ಕೂದಲು ಅಂಟಿದ ಬಂಪರ್ ಅನ್ನು ತೊಳೆಯಬೇಡಿ. ಅದೇ ನಿಮ್ಮ ಸಾಕ್ಷಿ.

ರೇಡಿಯೇಟರ್ ಕೆಳಗೆ ನೀರು ಸೋರುತ್ತಿದ್ದರೆ ಗಾಡಿ ಸ್ಟಾರ್ಟ್ ಮಾಡಬೇಡಿ. ಹಾಗೇ ಓಡಿಸಿ ಎಂಜಿನ್ ಸೀಜ್ ಆದರೆ, ಅದು ಡಿಕ್ಕಿಯಿಂದ ಆದದ್ದಲ್ಲ, ಆಮೇಲೆ ನೀವು ಓಡಿಸಿದ್ದರಿಂದ ಆದದ್ದು ಅಂತ ಇನ್ಶೂರೆನ್ಸ್‌ನವರು ಆ ಭಾಗದ ಕ್ಲೇಮ್ ತಳ್ಳಿಹಾಕಬಹುದು. ಟೋಯಿಂಗ್ ಮಾಡಿಸೋದೇ ಅಗ್ಗ.

ಗಾಯಾಳುಗಳಿಗೆ ಒಂದು ಮುಖ್ಯ ವಿಷಯ. ಕೇಂದ್ರ ಸರ್ಕಾರ 2025ರ ಮೇನಲ್ಲಿ ಪ್ರಕಟಿಸಿದ ಯೋಜನೆಯಂತೆ, ಮೋಟಾರು ವಾಹನ ಅಪಘಾತದಲ್ಲಿ ಗಾಯಗೊಂಡವರಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ಅಪಘಾತ ಪೊಲೀಸರ ದಾಖಲೆಗೆ ಬಂದಿರಬೇಕು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತೆ. ಹೆಸರು, ವಿಳಾಸ ಹೇಳಲೇಬೇಕು ಅಂತ ಅವರನ್ನು ಒತ್ತಾಯ ಮಾಡೋ ಹಾಗಿಲ್ಲ.

ಕೇಸ್ ಬೀಳುತ್ತಾ?

ಜನರಿಗೆ ಹೆಚ್ಚು ಭಯ ಇರೋದು ಇಲ್ಲೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಶಿಕಾರಿಯನ್ನು ನಿಷೇಧಿಸುತ್ತೆ. ಆದರೆ ಅದೇ ಕಾಯ್ದೆಯ 39ನೇ ಕಲಂ, ಸತ್ತು ಸಿಕ್ಕ ಮತ್ತು ತಪ್ಪಿನಿಂದ ಸಾವಿಗೀಡಾದ ಕಾಡುಪ್ರಾಣಿಗಳ ಬಗ್ಗೆ ಬೇರೆಯಾಗಿಯೇ ಹೇಳುತ್ತೆ. ಅವು ಸರ್ಕಾರದ ಸ್ವತ್ತು. ಅಂಥದ್ದು ಯಾರ ಕೈಗೆ ಬಂದರೂ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅರಣ್ಯ ಅಧಿಕಾರಿಗೆ ತಿಳಿಸಬೇಕು. ಅಂದರೆ ಆಕಸ್ಮಿಕ ಬೇರೆ, ಶಿಕಾರಿ ಬೇರೆ. ನೀವೇ ಫೋನ್ ಮಾಡಿ ಕರೆದದ್ದು, ಫೋಟೋ, ಬ್ರೇಕ್ ಗುರುತು, ಇವೇ ನಿಮ್ಮ ಪರ ಮಾತಾಡೋದು. ಅಡ್ಡಾದಿಡ್ಡಿ ಓಡಿಸಿದ್ದರೆ, ಕುಡಿದು ಓಡಿಸಿದ್ದರೆ ಅದರ ಕೇಸ್ ಬೇರೆ, ಅದು ಪ್ರಾಣಿ ಇಲ್ಲದಿದ್ದರೂ ಬೀಳುವಂಥದ್ದು.

ನಿಜವಾಗಿ ಸಿಕ್ಕಿಹಾಕಿಕೊಳ್ಳೋದು ಆಮೇಲಿನ ಆಸೆಯಿಂದ. "ಹೆಂಗೂ ಸತ್ತಿದೆ" ಅಂತ ಹಂದಿಯನ್ನು ಗಾಡಿಗೆ ಹಾಕಿಕೊಂಡು ಹೋಗೋದು, ಊರಲ್ಲಿ ಪಾಲು ಹಾಕೋದು ಅಪರಾಧ. ಕಾಡುಹಂದಿ ಈಗಲೂ ಕಾಯ್ದೆಯ 2ನೇ ಅನುಸೂಚಿಯಲ್ಲಿದೆ. ಬೆಳೆ ಹಾಳು ಮಾಡುವ ಹಂದಿಯನ್ನು ಕೊಲ್ಲೋಕೂ ಅನುಮತಿ ಬೇಕು. 2022ರ ತಿದ್ದುಪಡಿ ಬಳಿಕ ಸಾಮಾನ್ಯ ಉಲ್ಲಂಘನೆಗೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಚಿರತೆ, ನವಿಲು, ಕರಡಿಯಂಥ 1ನೇ ಅನುಸೂಚಿಯ ಪ್ರಾಣಿಗಳಾದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25 ಸಾವಿರ ದಂಡ. ಅಪರಾಧಕ್ಕೆ ಬಳಸಿದ ಗಾಡಿ ಕೂಡ ಸರ್ಕಾರದ ಪಾಲಾಗಬಹುದು. ಒಂದು ಕುಕ್ಕರ್ ಮಾಂಸಕ್ಕೆ ಬೊಲೆರೋ ಕಳ್ಕೊಬೇಕಾ, ಯೋಚನೆ ಮಾಡಿ. ಸತ್ತ ಚಿರತೆಯ ಉಗುರಿಗೆ, ಮೀಸೆಗೆ ಕೈ ಹಾಕೋದಂತೂ ಬೇಡವೇ ಬೇಡ.

ಇನ್ಶೂರೆನ್ಸ್ ಸಿಗುತ್ತಾ?

ನಿಮ್ಮದು ಯಾವ ಪಾಲಿಸಿ ಅನ್ನೋದರ ಮೇಲೆ ನಿಂತಿದೆ.

ಬರೀ ಥರ್ಡ್ ಪಾರ್ಟಿ ಇದ್ದರೆ ನಿಮ್ಮ ಗಾಡಿ ರಿಪೇರಿಗೆ ಒಂದು ರೂಪಾಯಿಯೂ ಬರಲ್ಲ. ಅದು ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ. ಕಾಂಪ್ರೆಹೆನ್ಸಿವ್, ಅಂದರೆ ಓನ್ ಡ್ಯಾಮೇಜ್ ಸೇರಿದ ಪಾಲಿಸಿ ಇದ್ದರೆ ಪ್ರಾಣಿ ಡಿಕ್ಕಿಯೂ ಅಪಘಾತವೇ, ಕ್ಲೇಮ್ ಮಾಡಬಹುದು. ಆ ಹೊತ್ತಲ್ಲೇ ಕಂಪನಿಗೆ ಫೋನ್ ಮಾಡಿ ಕ್ಲೇಮ್ ನಂಬರ್ ತಗೊಳ್ಳಿ. ಸರ್ವೇಯರ್ ನೋಡುವ ಮೊದಲು ರಿಪೇರಿ ಶುರು ಮಾಡಿಸಬೇಡಿ.

ಬೈಕ್‌ನವರು ಇಲ್ಲಿ ಮೋಸ ಹೋಗೋದು ಜಾಸ್ತಿ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕ್‌ಗೆ ಐದು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ. "ಐದು ವರ್ಷ ಇನ್ಶೂರೆನ್ಸ್ ಇದೆ" ಅಂತ ಎಲ್ಲರೂ ನೆಮ್ಮದಿಯಾಗಿರ್ತಾರೆ. ಆದರೆ ಅದರ ಜೊತೆ ಬರುವ ಓನ್ ಡ್ಯಾಮೇಜ್ ಬಹುತೇಕ ಒಂದೇ ವರ್ಷಕ್ಕೆ ಮುಗಿದಿರುತ್ತೆ. ಇವತ್ತೇ ಪಾಲಿಸಿ ತೆಗೆದು ಎರಡೂ ತಾರೀಖು ನೋಡಿ.

ಸವಾರನಿಗೇ ಪ್ರಾಣಾಪಾಯ ಆದರೆ? ಗಾಡಿ ಮಾಲೀಕನೇ ಓಡಿಸುತ್ತಿದ್ದು, ಲೈಸೆನ್ಸ್ ಇದ್ದು, ಪಾಲಿಸಿಯಲ್ಲಿ ವೈಯಕ್ತಿಕ ಅಪಘಾತ ವಿಮೆ ಸೇರಿದ್ದರೆ 15 ಲಕ್ಷ ರೂಪಾಯಿ ರಕ್ಷಣೆ ಇರುತ್ತೆ. ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ ಇದು. ಬೇರೆಯವರ ಬೈಕ್ ಇಸ್ಕೊಂಡು ಹೋಗಿದ್ದರೆ ಕಷ್ಟ. ನಮ್ಮ ರಾಜ್ಯದ ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ ಬೇರೆಯವರ ಬೈಕ್‌ನಲ್ಲಿ ಹೋಗ್ತಿದ್ದವರೊಬ್ಬರು ಮುಂದಿದ್ದ ಎತ್ತಿನ ಗಾಡಿಗೆ ಡಿಕ್ಕಿಯಾಗಿ ತೀರಿಕೊಂಡ ಪ್ರಕರಣದಲ್ಲಿ, ಬೈಕ್ ಎರವಲು ಪಡೆದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಆಗಿನ 163ಎ ಕಲಂನಡಿ ಅವನ ಮನೆಯವರು ಪರಿಹಾರ ಕೇಳಲಾಗದು ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎದುರಿಗೆ ಇನ್ನೊಂದು ಮೋಟಾರು ವಾಹನವೇ ಇಲ್ಲದ ಅಪಘಾತದಲ್ಲಿ ಯಾರ ವಿಮೆಯಿಂದ ಕೇಳೋದು ಎಂಬ ಪ್ರಶ್ನೆ ಹಂದಿ ಡಿಕ್ಕಿಗೂ ಬರುತ್ತೆ.

ವ್ಯಾಪಾರಿಗಳು ಇದನ್ನೂ ಗಮನಿಸಿ: ಗಾಡಿ ಇನ್ಶೂರೆನ್ಸ್ ಗಾಡಿಗೆ, ಸರಕಿಗಲ್ಲ. ಹಾಲು, ತರಕಾರಿ, ದಿನಸಿ ಚೆಲ್ಲಿ ಹೋದರೆ ಅದಕ್ಕೆ ಬೇರೆ ಸಾಗಣೆ ವಿಮೆ ಇರಬೇಕು.

ಪರಿಹಾರ ನಮ್ಮ ಕೈಯಲ್ಲಿ ಎಷ್ಟಿದೆ?

ದೇವನಹಳ್ಳಿ ಮೇಲೆ ಹೋಗುವ ಎನ್‌ಎಚ್ 44 ಉತ್ತರಕ್ಕೆ ಹೋಗ್ತಾ ಮಹಾರಾಷ್ಟ್ರ–ಮಧ್ಯಪ್ರದೇಶ ಗಡಿಯ ಪೆಂಚ್ ಕಾಡು ದಾಟುತ್ತೆ. ಅಲ್ಲಿ ರಸ್ತೆಯನ್ನು ಮೇಲಕ್ಕೆತ್ತಿ ಪ್ರಾಣಿಗಳಿಗೆ ಕೆಳಗೆ ದಾರಿ ಬಿಟ್ಟಿದ್ದಾರೆ. ಹುಲಿ, ಕಾಡುನಾಯಿ, ಜಿಂಕೆ, ಹಂದಿ ಆ ದಾರಿ ಬಳಸೋದು ಕ್ಯಾಮೆರಾದಲ್ಲಿ ದಾಖಲಾಗಿದೆ. ದಾರಿ ಕೊಟ್ಟರೆ ಪ್ರಾಣಿ ಬಳಸುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಮ್ಮ ರಸ್ತೆಗಳಿಗೆ ಅಷ್ಟು ದೊಡ್ಡ ಸೇತುವೆ ಬರುವವರೆಗೆ ಕಾಯಬೇಕಿಲ್ಲ. ಈಗಿರುವ ಮೋರಿಗಳನ್ನು ಕಸ ತೆಗೆದು ತೆರೆದಿಟ್ಟರೆ, ಪದೇ ಪದೇ ಡಿಕ್ಕಿಯಾಗುವ ಜಾಗದಲ್ಲಿ ಡಿವೈಡರ್ ಗಿಡ ಕತ್ತರಿಸಿ ಎಚ್ಚರಿಕೆ ಬೋರ್ಡ್, ರಂಬಲ್ ಪಟ್ಟಿ ಹಾಕಿದರೆ ಅರ್ಧ ಕೆಲಸ ಆದ ಹಾಗೆ. ಆದರೆ ಯಾವ ಜಾಗ ಅಂತ ಇಲಾಖೆಗೆ ಗೊತ್ತಾಗೋದು ದೂರು ದಾಖಲಾದರೆ ಮಾತ್ರ. ಹೇಳದೆ ಹೊರಟುಹೋದ ಪ್ರತಿ ಡಿಕ್ಕಿಯೂ ಸರ್ಕಾರದ ಲೆಕ್ಕದಲ್ಲಿ ನಡೆದೇ ಇಲ್ಲ. ನಿಮ್ಮೂರಿನ ಬಳಿ ಇಂಥ ಜಾಗ ಇದ್ದರೆ, ಕಿಲೋಮೀಟರ್ ಕಲ್ಲಿನ ನಂಬರ್ ಸಮೇತ ಗ್ರಾಮ ಪಂಚಾಯಿತಿ, ವಲಯ ಅರಣ್ಯಾಧಿಕಾರಿ ಕಚೇರಿ ಎರಡಕ್ಕೂ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ.

ಕೋಳಿ ಅಂಗಡಿ, ಹೋಟೆಲ್, ಡಾಬಾದವರಲ್ಲಿ ಒಂದೇ ಕೋರಿಕೆ. ಇವತ್ತು ರಾತ್ರಿ ಆ ಮೂಟೆಯನ್ನು ಬೈಪಾಸ್ ಪಕ್ಕ ಎಸೆಯಬೇಡಿ. ನಾಳೆ ಬೆಳಗಿನ ಜಾವ ಅದೇ ದಾರಿಯಲ್ಲಿ ಬೈಕ್‌ನಲ್ಲಿ ಬರೋದು ನಿಮ್ಮ ಅಂಗಡಿ ಹುಡುಗನೇ ಇರಬಹುದು.