ಆಯ್ಕೆಯ ಹೊರೆ ಯಾರ ಹೆಗಲಿಗೆ?

ಗಣಕಯಂತ್ರದ ಗುಂಡಿ ಒತ್ತಿದಾಗ ಎಚ್ಚರಗೊಂಡು, ಜಾಲಸಂಪರ್ಕ, ಮುದ್ರಣ ಮುಂತಾದ ಸೇವೆಗಳನ್ನು ಎಬ್ಬಿಸುವ ಪುಟ್ಟ ತಂತ್ರಾಂಶವೊಂದಿದೆ. ಯಾರು ಬೇಕಾದರೂ ಪಡೆದು ತಿದ್ದಬಹುದಾದ ಲಿನಕ್ಸ್‌ನಲ್ಲಿ ಬಹುಕಾಲ ಈ ಕೆಲಸ ಹಳೆಯ ಯುನಿಕ್ಸ್ ಮಾದರಿಯ ‘ಇನಿಟ್’ನದಾಗಿತ್ತು. 2010ರಲ್ಲಿ ಬಂದ ‘ಸಿಸ್ಟಮ್-ಡಿ’ ಹಲವು ಸೇವೆಗಳನ್ನು ಏಕಕಾಲಕ್ಕೆ ಎಬ್ಬಿಸತೊಡಗಿತು. ಜೊತೆಗೆ ಬೇರೆ ಕೆಲಸಗಳನ್ನೂ ವಹಿಸಿಕೊಂಡಿತು. ಹಲವರಿಗೆ ಇದು ಅತಿಯೆನಿಸಿತು.

1993ರಲ್ಲಿ ಹುಟ್ಟಿದ, ಸ್ವಯಂಸೇವಕರು ನಡೆಸುವ ‘ಡೆಬಿಯನ್’ ಲಿನಕ್ಸ್‌ಗೆ ಇವೆರಡರಲ್ಲಿ ಯಾವುದು ಸೂಕ್ತ? ಬಳಕೆದಾರನೇ ಆರಿಸಿಕೊಳ್ಳಲಿ ಎನ್ನುವುದು ಸುಲಭ. ಆದರೆ ಎರಡಕ್ಕೂ ಎಡೆ ಕೊಟ್ಟರೆ ಪ್ರತಿ ಸೇವೆಯನ್ನೂ ಎರಡು ಬಗೆಯಲ್ಲಿ ಹೊಂದಿಸಿ ಪರೀಕ್ಷಿಸಬೇಕು. ಬಳಕೆದಾರನ ಆಯ್ಕೆಗೆ ಬೆಲೆ ತೆರುವವರು ಆ ಸ್ವಯಂಸೇವಕರೇ.

2014ರ ಫೆಬ್ರುವರಿಯಲ್ಲಿ ಡೆಬಿಯನ್‌ನ ತಾಂತ್ರಿಕ ಸಮಿತಿಯಲ್ಲಿ ಮತಗಳು ಸಮನಾದವು. ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್-ಡಿ ಅಲ್ಲಿ ರೂಢಿಯ ವ್ಯವಸ್ಥೆಯಾಯಿತು. ಒಪ್ಪದ ಕೆಲವರು ಡೆಬಿಯನ್ನನ್ನೇ ಆಧಾರವಾಗಿಟ್ಟು, ಸಿಸ್ಟಮ್-ಡಿ ಇಲ್ಲದ ‘ಡೆವುವಾನ್’ ಕಟ್ಟಿದರು. ಅದರ ಮೊದಲ ಸ್ಥಿರ ಆವೃತ್ತಿ ಹೊರಬಂದದ್ದು 2017ರಲ್ಲಿ.

ಮುಕ್ತ ತಂತ್ರಾಂಶದಲ್ಲಿ ಸೋತವರಿಗೂ ಬೇರೆ ಒಲೆ ಹೂಡುವ ಹಕ್ಕಿದೆ. ಆದರೆ ಆ ಒಲೆಗೆ ಸೌದೆ ಒಡೆಯುವ ಹೊಣೆಯೂ ಅವರದೇ.